‘ಸಾಧಾರಣ ಫಿಟ್‌ನೆಸ್ ಸಾಕು’ ಅಂದವರು ಯಾರು ಸ್ವಾಮಿ?

ಹಿಮನದಿಯ ಮೇಲೆ ಗೈಡ್ ಜೊತೆ ನಡೆಸಿಕೊಂಡು ಬರುವ ಪ್ರವಾಸಗಳ ಜಾಹೀರಾತು ಯಾವುದನ್ನೇ ತೆಗೆದು ನೋಡಿ. ಐಸ್‌ಲ್ಯಾಂಡಿನದ್ದಿರಲಿ, ನಾರ್ವೆಯದ್ದಿರಲಿ, ನ್ಯೂಜಿಲೆಂಡಿನದ್ದಿರಲಿ, ಒಂದು ಸಾಲು ಮಾತ್ರ ಎಲ್ಲದರಲ್ಲೂ ಸಿಗುತ್ತದೆ. "ಅನುಭವ ಬೇಕಿಲ್ಲ, ಸಾಧಾರಣ ಫಿಟ್‌ನೆಸ್ ಇದ್ದರೆ ಸಾಕು." ಪಕ್ಕದಲ್ಲಿ ‘ಈಸಿ’ ಅಥವಾ ‘ಮಾಡರೇಟ್’ ಅಂತ ಒಂದು ಮುದ್ರೆ. ನನ್ನ ತಕರಾರು ಇರುವುದೇ ಈ ಒಂದು ಸಾಲಿನ ಮೇಲೆ.

ಮೂವತ್ತು ವರ್ಷದಿಂದ ಸಾಲದ ಅರ್ಜಿಗಳನ್ನು ನೋಡುತ್ತಾ ಬಂದವನು ನಾನು. ಎದುರಿಗೆ ಕೂತ ಗಿರಾಕಿ "ವ್ಯಾಪಾರ ಸಾಧಾರಣ ಚೆನ್ನಾಗಿದೆ ಸಾರ್" ಅಂದರೆ ಅದನ್ನು ಫೈಲಿನಲ್ಲಿ ಬರೆದು ಸಾಲ ಮಂಜೂರು ಮಾಡುತ್ತೇವೆಯೇ? ಸ್ಟಾಕ್ ಎಷ್ಟು, ಬರಬೇಕಾದ ಬಾಕಿ ಎಷ್ಟು, ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಎಲ್ಲಿ ಅಂತ ಕೇಳುತ್ತೇವೆ. ಆಮೇಲೆ ಅಂಗಡಿಗೇ ಹೋಗಿ ಗೋದಾಮು ನೋಡಿ ಬರುತ್ತೇವೆ. ಇಲ್ಲಿ ಪರಿಸ್ಥಿತಿ ಅದಕ್ಕಿಂತ ವಿಚಿತ್ರ. ಟಿಕೆಟ್ ಮಾರುವವನೇ ಕೊಳ್ಳುವವನಿಗೆ "ನೀನು ಗಟ್ಟಿ ಇದ್ದೀಯ" ಅಂತ ಸರ್ಟಿಫಿಕೇಟ್ ಕೊಡುತ್ತಿದ್ದಾನೆ, ಅದೂ ಮುಖ ನೋಡದೆ! ನಾವು ಅದನ್ನು ನಂಬಿ ಕ್ರೆಡಿಟ್ ಕಾರ್ಡ್ ತೆಗೆಯುತ್ತೇವೆ.

ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ, ಗಮನಿಸಿ. ಶನಿವಾರ ಬಂದರೆ ಗುಡ್ಡ ಹತ್ತಲು ಹೊರಡುವ, ಚಳಿಯಲ್ಲಿ ಬೂಟು ಹಾಕಿ ನಡೆಯುವುದು ಚಿಕ್ಕಂದಿನಿಂದಲೇ ಅಭ್ಯಾಸವಿರುವ ಜನರಿಗೆ ಅದು ಮಾಡರೇಟೇ. ಪ್ರಶ್ನೆ ಇಷ್ಟೇ: ಯಾರ ಮಾಡರೇಟು? ಡೊಂಬಿವಲಿಯ ಫ್ಲಾಟಿನಿಂದ ಸ್ಟೇಷನ್ನಿಗೆ ಶೇರ್ ರಿಕ್ಷಾ, ಅಲ್ಲಿಂದ ಲೋಕಲ್, ಆಫೀಸಿನಲ್ಲಿ ಲಿಫ್ಟ್, ಎಂಟು ಗಂಟೆ ಕುರ್ಚಿ, ಮತ್ತೆ ವಾಪಸ್ಸು - ಈ ಲೆಕ್ಕದಲ್ಲಿ ಮೂವತ್ತು ವರ್ಷ ಕಳೆದವರ ಮಾಡರೇಟ್ ಬೇರೆ. ಇದನ್ನು ಜಾಹೀರಾತು ಬರೆದವನು ತಿಳಿದಿರಬೇಕು ಅಂತ ಅಪೇಕ್ಷಿಸುವುದೂ ತಪ್ಪು. ತಿಳಿದುಕೊಳ್ಳಬೇಕಾದವರು ನಾವು.

ಆದರೆ ನಾವು ಏನು ಮಾಡುತ್ತೇವೆ? ಈಗಿನ ಕ್ರಮ ಹೀಗಿದೆ. ಮಗನೋ ಮಗಳೋ ಲಂಡನ್ನಿನಲ್ಲೋ ಡಬ್ಲಿನ್ನಿನಲ್ಲೋ ಇರುತ್ತಾರೆ. ಅಪ್ಪನಿಗೆ ಅರವತ್ತು ತುಂಬಿತು, ಅಥವಾ ಅಪ್ಪ-ಅಮ್ಮನ ಮದುವೆಯಾಗಿ ಮೂವತ್ತೈದು ವರ್ಷವಾಯಿತು ಅಂತ ‘ಸರ್‌ಪ್ರೈಸ್’. ಐಸ್‌ಲ್ಯಾಂಡಿಗೆ ಆರು ದಿನ, ಅದರಲ್ಲಿ ಅರ್ಧ ದಿನ ಹಿಮನದಿಯ ಮೇಲೆ ನಡಿಗೆ. ನಮ್ಮ ಸಂಘದ ಹಿರಿಯರೊಬ್ಬರು, ಉಡುಪಿ ಕಡೆಯವರು, ಸಂತೋಷದಿಂದ ಫೋನಿನಲ್ಲಿ ಬುಕಿಂಗ್ ತೋರಿಸಿದರು. ಆರೋಗ್ಯದ ಫಾರ್ಮ್ ಒಂದಿರುತ್ತದಲ್ಲ, ಅದನ್ನು ತುಂಬಿದ್ದೀರಾ ಅಂತ ಕೇಳಿದೆ.

"ಎಂತ ಫಾರ್ಮ್? ಅದೆಲ್ಲ ಮಗನೇ ಮಾಡಿದ್ದಾನೆ ಮಾರಾಯ್ರೆ. ನಾವು ಹೋಗಿ ನಿಂತರೆ ಸಾಕಂತೆ."

ನೋಡಿ, ಹೋಗಿ ನಿಂತರೆ ಸಾಕಂತೆ! ಇವರಿಗೆ ಹೃದಯಕ್ಕೆ ಸ್ಟೆಂಟ್ ಹಾಕಿ ಕೆಲವು ವರ್ಷವಾಗಿದೆ. ಅವರ ಮನೆಯವರಿಗೆ ಮಂಡಿ ನೋವು, ಸಂಘದ ಮೊದಲ ಮಹಡಿಗೆ ಬರುವಾಗ ಕೈಕಂಬಿ ಹಿಡಿದುಕೊಂಡೇ ಹತ್ತುತ್ತಾರೆ. ಮಗ ಎಲ್ಲಾ ಪ್ರಶ್ನೆಗೂ ‘ಇಲ್ಲ’ ಅಂತ ಟಿಕ್ ಹಾಕಿದ್ದಾನೆ. ಕೆಟ್ಟ ಉದ್ದೇಶವಿಲ್ಲ, ಈಗ ಎಲ್ಲ ಸರಿಯಾಗಿದೆಯಲ್ಲ ಅಂತ ಅವನ ಎಣಿಕೆ. ಅಮ್ಮನ ಮಂಡಿ ಅವನಿಗೆ ವಿಡಿಯೋ ಕಾಲಿನಲ್ಲಿ ಕಾಣಿಸುವುದಿಲ್ಲ. ಅಪ್ಪ-ಅಮ್ಮನೂ ಹೇಳುವುದಿಲ್ಲ. ಮಗ ಅಷ್ಟು ದುಡ್ಡು ಹಾಕಿದ್ದಾನೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾನೆ ಅನ್ನುವ ಸಂಕೋಚ. ಈ ಸಂಕೋಚವನ್ನೂ ಕಟ್ಟಿಕೊಂಡೇ ಅವರು ಮಂಜುಗಡ್ಡೆಯ ಮೇಲೆ ಹೆಜ್ಜೆ ಇಡಬೇಕು.

ಒಬ್ಬರ ದೇಹದ ಮೇಲಿನ ಘೋಷಣೆಗೆ ಇನ್ನೊಬ್ಬರು ಸಹಿ ಹಾಕುವುದು ಯಾವ ಕಾನೂನಿನಲ್ಲಿ ಬರುತ್ತದೆ ಹೇಳಿ? ಅಪ್ಪನ ಖಾತೆಯಿಂದ ಹತ್ತು ಸಾವಿರ ತೆಗೆಯಲು ಮಗ ಸಹಿ ಹಾಕಿಕೊಂಡು ಬಂದರೆ ಕೌಂಟರಿನ ಹುಡುಗಿ ವಾಪಸ್ಸು ಕಳಿಸುತ್ತಾಳೆ.

ಇನ್ನು ಆ ನಡಿಗೆ ನಿಜಕ್ಕೂ ಹೇಗಿರುತ್ತದೆ ಅಂತ ಹೇಳುತ್ತೇನೆ. ನಾನು 2023ರಲ್ಲಿ ಹೋಗಿ ಬಂದದ್ದು ಐಸ್‌ಲ್ಯಾಂಡಿನ ದಕ್ಷಿಣದ ಸೋಲ್‌ಹೇಮಯೋಕುಲ್ ಅನ್ನುವ ಹಿಮನದಿಗೆ (ಹೆಸರು ಹೇಳಲು ನಾಲಿಗೆಗೂ ಸ್ವಲ್ಪ ಫಿಟ್‌ನೆಸ್ ಬೇಕು :) ). ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 160 ಕಿಲೋಮೀಟರ್, ಎರಡು ಗಂಟೆಯ ದಾರಿ. ಕಟ್ಲಾ ಅನ್ನುವ ಜ್ವಾಲಾಮುಖಿಯನ್ನು ಮುಚ್ಚಿಕೊಂಡು ಕೂತಿರುವ ಮಿರ್‌ಡಾಲ್ಸ್‌ಯೋಕುಲ್ ಎಂಬ ದೊಡ್ಡ ಹಿಮರಾಶಿಯಿಂದ ಕೆಳಗಿಳಿದು ಬರುವ ನಾಲಿಗೆ ಇದು. ಪ್ರವಾಸಿಗಳಿಗೆ ಅತಿ ಸುಲಭವಾದದ್ದು ಅಂತ ಹೆಸರು. ಒಟ್ಟು ಮೂರು ಗಂಟೆ, ಅದರಲ್ಲಿ ಮಂಜುಗಡ್ಡೆಯ ಮೇಲೆ ಒಂದು - ಒಂದೂವರೆ ಗಂಟೆ.

ಮೊದಲನೆಯ ವಿಷಯ, ಎತ್ತರದ ತೊಂದರೆ ಇಲ್ಲ. ಇದು ಸಮುದ್ರಮಟ್ಟದಿಂದ ಹೆಚ್ಚು ಮೇಲಿಲ್ಲ. ಆಮ್ಲಜನಕ ಮುಂಬಯಿಯಲ್ಲಿ ಇದ್ದಷ್ಟೇ ಇರುತ್ತದೆ, ಶುದ್ಧವಾಗಿ ಬೇರೆ. ಆದ್ದರಿಂದ "ಉಸಿರು ಕಟ್ಟುತ್ತದೆ" ಅಂತ ಹೆದರಿಸುವವರ ಮಾತು ಇಲ್ಲಿಗೆ ಅನ್ವಯಿಸುವುದಿಲ್ಲ. ತೊಂದರೆ ಶುರುವಾಗುವುದು ಕಾಲಿನಿಂದ. ಕಾರು ನಿಲ್ಲಿಸುವ ಜಾಗದಿಂದ ಮಂಜುಗಡ್ಡೆಯ ಅಂಚಿನವರೆಗೆ ಹಿಮನದಿ ತಳ್ಳಿ ಬಿಟ್ಟುಹೋದ ಕಲ್ಲು, ಜಲ್ಲಿ, ಬೂದಿ ಮಿಶ್ರಿತ ದಿಬ್ಬಗಳು. ಕಾಲಿಟ್ಟರೆ ಜಾರುವ ಸಡಿಲು ಜಲ್ಲಿ. ಈ ದಾರಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ, ಯಾಕೆಂದರೆ ಹಿಮನದಿ ಹಿಂದೆ ಸರಿಯುತ್ತಿದೆ. ಪಕ್ಕದ ಹ್ವೋಲ್ಸ್‌ವೋಟ್ಲುರ್ ಊರಿನ ಶಾಲೆಯ ಮಕ್ಕಳು 2010ರಿಂದ ಪ್ರತಿ ವರ್ಷ ಅಲ್ಲಿಗೆ ಹೋಗಿ ಅದು ಎಷ್ಟು ಹಿಂದೆ ಹೋಯಿತು ಅಂತ ಅಳೆದು ಇಡುತ್ತಾರೆ. ಮಂಜುಗಡ್ಡೆ ಇದ್ದ ಜಾಗದಲ್ಲಿ ಈಗ ಕೆರೆ. ಹಾಗಾಗಿ ಐದು ವರ್ಷದ ಹಿಂದೆ ಹೋಗಿ ಬಂದವರು ಬರೆದ "ಹತ್ತು ನಿಮಿಷ ನಡೆದರೆ ಬಂತು" ಅನ್ನುವ ಮಾತನ್ನು ನಂಬಿ ಕೂರಬೇಡಿ.

ಅಂಚಿಗೆ ಹೋದ ಮೇಲೆ ಬೂಟಿಗೆ ಕ್ರಾಂಪಾನ್ ಕಟ್ಟುತ್ತಾರೆ, ಅಂದರೆ ಉಕ್ಕಿನ ಮೊಳೆಗಳ ಚೌಕಟ್ಟು. ಇದನ್ನು ಹಾಕಿಕೊಂಡು ನಾವು ರಸ್ತೆಯಲ್ಲಿ ನಡೆಯುವಂತೆ ಹಿಮ್ಮಡಿಯೂರಿ ನಡೆಯುವಂತಿಲ್ಲ. ಪಾದ ಚಪ್ಪಟೆಯಾಗಿ, ಎಲ್ಲ ಮೊಳೆಗಳೂ ಒಂದೇ ಸಲ ನಾಟುವ ಹಾಗೆ ಇಡಬೇಕು. ಎರಡು ಕಾಲಿನ ನಡುವೆ ಅಂತರ ಬೇಕು, ಇಲ್ಲದಿದ್ದರೆ ಒಂದು ಕಾಲಿನ ಮೊಳೆ ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತೀರಿ. (ಸಡಿಲ ಸಲ್ವಾರ್, ಅಗಲ ಪ್ಯಾಂಟು ಯಾವುದೂ ಆಗದು.) ಮಂಡಿ ಸ್ವಲ್ಪ ಬಗ್ಗಿರಬೇಕು. ಇಳಿಜಾರಿನಲ್ಲಿ ಪಾದವನ್ನು ಚಪ್ಪಟೆ ಇಡಬೇಕೆಂದರೆ ಹರಡು ಚೆನ್ನಾಗಿ ಬಾಗಬೇಕು, ತೊಡೆ ಭಾರ ಹೊರಬೇಕು. ಒಂದು ಗಂಟೆ ಹೀಗೆ ನಡೆದರೆ ಇಷ್ಟು ವರ್ಷ ತಮ್ಮ ಅಸ್ತಿತ್ವವನ್ನೇ ತಿಳಿಸದ ಸ್ನಾಯುಗಳು ಒಂದೊಂದಾಗಿ ಹಾಜರಿ ಹಾಕುತ್ತವೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಾದೆ ಇದೆ. ಅಲ್ಲಿ ನೆಲ ನಿಜಕ್ಕೂ ಡೊಂಕೇ, ಕುಣಿತವೂ ಗೊತ್ತಿರಬೇಕು.

ಜೊತೆಗೆ ಗಾಳಿ. ಉಷ್ಣಾಂಶ ಐದು ಡಿಗ್ರಿ ಅಂತ ಫೋನು ತೋರಿಸುತ್ತದೆ, ಮೇಲಿನಿಂದ ಇಳಿದು ಬರುವ ಗಾಳಿ ಮುಖಕ್ಕೆ ಹೊಡೆದಾಗ ಆ ಐದಕ್ಕೆ ಅರ್ಥವಿರುವುದಿಲ್ಲ. ಇನ್ನೊಂದು ವಿಷಯ ಯಾವ ಜಾಹೀರಾತಿನಲ್ಲೂ ದಪ್ಪಕ್ಷರದಲ್ಲಿ ಇರುವುದಿಲ್ಲ, ನಮ್ಮವರು ನಾಚಿಕೊಂಡು ಕೇಳುವುದೂ ಇಲ್ಲ. ಮಂಜುಗಡ್ಡೆಯ ಮೇಲೆ ಶೌಚಾಲಯ ಇಲ್ಲ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತಿನ್ನುವವರು, ಪ್ರಾಸ್ಟೇಟ್ ತೊಂದರೆ ಇರುವವರು, ಸಕ್ಕರೆ ಕಾಯಿಲೆಯವರು ಇದಕ್ಕೆ ಹೆದರಿ ಬೆಳಿಗ್ಗೆಯಿಂದ ನೀರೇ ಕುಡಿಯದೆ ಬರುತ್ತಾರೆ. ಆಮೇಲೆ ತಲೆ ಸುತ್ತುತ್ತದೆ. ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಅಂತ ಡಾಕ್ಟರನ್ನು ಮೊದಲೇ ಕೇಳಿಕೊಂಡಿದ್ದರೆ ಮುಗಿದು ಹೋಗುವ ವಿಷಯ ಅದು.

ಸರಿ, ಈ ನಡಿಗೆಗೆ ನಮ್ಮವರು ಯಾವ ಆಧಾರದ ಮೇಲೆ "ನಾನು ಫಿಟ್" ಅನ್ನುತ್ತಾರೆ? ನಾಲ್ಕೈದು ಸರ್ಟಿಫಿಕೇಟುಗಳು ಚಾಲ್ತಿಯಲ್ಲಿವೆ.

ಮೊದಲನೆಯದು ಮಾರ್ನಿಂಗ್ ವಾಕ್. ದಿನಾ ಶಿವಾಜಿ ಪಾರ್ಕಿಗೆ ನಾಲ್ಕು ಸುತ್ತು. ಒಳ್ಳೆಯ ಅಭ್ಯಾಸ, ಬಿಡಬೇಡಿ. ಆದರೆ ಅದು ಸಮತಟ್ಟು ನೆಲ, ಹಗುರ ಬೂಟು, ಖಾಲಿ ಕೈ, ಮಧ್ಯೆ ಕಟ್ಟೆಯ ಮೇಲೆ ಕೂತು ರಾಜಕೀಯ. ಫೋನು ಹತ್ತು ಸಾವಿರ ಹೆಜ್ಜೆ ಅಂತ ಚಪ್ಪಾಳೆ ತಟ್ಟುತ್ತದೆ. ಆ ಹತ್ತು ಸಾವಿರದಲ್ಲಿ ಒಂದೂ ಹೆಜ್ಜೆ ಇಳಿಜಾರಿನ ಸಡಿಲು ಕಲ್ಲಿನ ಮೇಲೆ ಇಟ್ಟದ್ದಲ್ಲ. ಟ್ರೆಡ್‌ಮಿಲ್ಲಿನ ಕಥೆಯೂ ಇದೇ, ಅಲ್ಲಿ ಹಿಡಿಕೆ ಬೇರೆ ಇರುತ್ತದೆ.

ಎರಡನೆಯದು ತಿರುಪತಿ. "ಅಲಿಪಿರಿಯಿಂದ ಹತ್ತಿದ್ದೇನ್ರೀ, 3,550 ಮೆಟ್ಟಿಲು!" ನಮಸ್ಕಾರ. ಇದಕ್ಕೆ ಬೆಲೆ ಇದೆ, ನಾನು ತಳ್ಳಿಹಾಕುವುದಿಲ್ಲ. ಒಂಬತ್ತು ಕಿಲೋಮೀಟರ್ ಹತ್ತಿದವರ ಹೃದಯ, ಶ್ವಾಸಕೋಶ ಸುಮಾರಾಗಿ ಕೆಲಸ ಮಾಡುತ್ತಿದೆ ಅಂತಲೇ ಅರ್ಥ. ನನ್ನ ಪ್ರಶ್ನೆ ಎರಡು. ಯಾವ ವರ್ಷ ಹತ್ತಿದಿರಿ? ಕೆಲವರ ತಿರುಪತಿ ಹತ್ತೊಂಬತ್ತು ವರ್ಷ ಹಳೆಯದು, ಆದರೂ ಹೋದ ಶನಿವಾರದ್ದೆಂಬಂತೆ ಹೇಳುತ್ತಾರೆ. ಹಳೆಯ ಬ್ಯಾಲೆನ್ಸ್ ಶೀಟು ಯಾವ ಬ್ಯಾಂಕಿನಲ್ಲೂ ನಡೆಯುವುದಿಲ್ಲ. ಎರಡನೆಯ ಪ್ರಶ್ನೆ, ಇಳಿದದ್ದು ಹೇಗೆ? ನೂರಕ್ಕೆ ತೊಂಬತ್ತು ಮಂದಿ ಬಸ್ಸಿನಲ್ಲಿ. ಮಂಡಿಯ ಪರೀಕ್ಷೆ ನಡೆಯುವುದು ಇಳಿಯುವಾಗ. ಹತ್ತುವಾಗ ಎದೆ ಕೂಗುತ್ತದೆ, ನಿಲ್ಲುತ್ತೀರಿ. ಇಳಿಯುವಾಗ ಎದೆ ಸುಮ್ಮನಿರುತ್ತದೆ, ತೊಡೆ ನಡುಗಲು ಶುರುವಾಗುತ್ತದೆ, ನಡುಗುವ ಕಾಲು ತಪ್ಪು ಜಾಗದಲ್ಲಿ ಬೀಳುತ್ತದೆ. ಹಿಮನದಿಯ ಮೇಲಿನಿಂದ ಬಸ್ಸಿಲ್ಲ.

ಮೂರನೆಯದು "ನನಗೆ ಶುಗರ್ ಇಲ್ಲ, ಬಿಪಿ ಇಲ್ಲ". ಕಾಯಿಲೆ ಇಲ್ಲದಿರುವುದು ಬೇರೆ, ಕೆಲಸಕ್ಕೆ ಶಕ್ತಿ ಇರುವುದು ಬೇರೆ. ಸಾಲ ಇಲ್ಲ ಅಂದ ಮಾತ್ರಕ್ಕೆ ಆಸ್ತಿ ಇದೆ ಅಂತಲ್ಲವಲ್ಲ! ಇದರ ಉಲ್ಟಾ ಕೂಡ ನಿಜ. ಹತ್ತು ವರ್ಷದಿಂದ ಮಾತ್ರೆ ತಿಂದು ಬಿಪಿ ಹದದಲ್ಲಿಟ್ಟುಕೊಂಡು, ವಾರಕ್ಕೊಮ್ಮೆ ಗುಡ್ಡ ಹತ್ತುವವರು ಯಾವ ಕಾಯಿಲೆಯೂ ಇಲ್ಲದ ಸೋಫಾವಾಸಿಗಿಂತ ಮೇಲು. ಸಕ್ಕರೆ ಕಾಯಿಲೆಯವರು ಮಾತ್ರ ಒಂದು ಪ್ರಶ್ನೆ ಪ್ರತ್ಯೇಕ ಕೇಳಿಕೊಳ್ಳಬೇಕು, ಪಾದದಲ್ಲಿ ಸ್ಪರ್ಶ ಪೂರ್ತಿ ಇದೆಯೇ ಅಂತ. ಬಾಡಿಗೆ ಬೂಟು ಬೆರಳನ್ನು ಕಡಿಯುತ್ತಿದ್ದರೂ ಗೊತ್ತಾಗದಿದ್ದರೆ, ರಾತ್ರಿ ಸಾಕ್ಸ್ ತೆಗೆದಾಗ ಗೊತ್ತಾಗುವುದು ಹುಣ್ಣು.

ಇನ್ನು ಫುಲ್ ಬಾಡಿ ಚೆಕಪ್ ಪ್ಯಾಕೇಜು. ಅರವತ್ತು-ಎಪ್ಪತ್ತು ಟೆಸ್ಟು, ಬಣ್ಣದ ಫೈಲು, ಬಿಟ್ಟಿ ಬ್ರೇಕ್‌ಫಾಸ್ಟು. ಅದರಲ್ಲಿ ಮಂಚದ ಮೇಲೆ ಆರಾಮಾಗಿ ಮಲಗಿಸಿ ತೆಗೆದ ಇಸಿಜಿ. ಮಲಗಿದಾಗ ನಾರ್ಮಲ್ ಇರುವ ಹೃದಯ ಚಳಿಗಾಳಿಯಲ್ಲಿ ದಿಬ್ಬ ಹತ್ತುವಾಗಲೂ ನಾರ್ಮಲ್ ಅಂತ ಆ ಕಾಗದ ಹೇಳುವುದಿಲ್ಲ. ಚಳಿಗೆ ರಕ್ತನಾಳ ಬಿಗಿಯುತ್ತದೆ, ಹೃದಯದ ಕೆಲಸ ಹೆಚ್ಚುತ್ತದೆ. ಡಾಕ್ಟರ ಹತ್ತಿರ "ಹೋಗಬಹುದಾ ಡಾಕ್ಟ್ರೇ?" ಅಂತ ಬಾಗಿಲಲ್ಲಿ ನಿಂತು ಕೇಳಿದರೆ ಅವರೂ "ಹೋಗಿ ಬನ್ನಿ, ಎಂಜಾಯ್ ಮಾಡಿ" ಅನ್ನುತ್ತಾರೆ, ಪಾಪ ಹೊರಗೆ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೆ. "ಸೊನ್ನೆಯಿಂದ ಐದು ಡಿಗ್ರಿ ಚಳಿ, ಗಾಳಿ, ಐದು ಕಿಲೋ ಬೆನ್ನ ಮೇಲೆ, ಮೂರು ಗಂಟೆ ಏರು-ತಗ್ಗಿನಲ್ಲಿ ನಡಿಗೆ, ಆಸ್ಪತ್ರೆ ದೂರ. ನನ್ನ ಈ ಮಾತ್ರೆಗಳ ಜೊತೆ, ಈ ಸ್ಟೆಂಟಿನ ಜೊತೆ, ಇದು ಆಗುತ್ತದೆಯೇ? ಅದಕ್ಕೆ ಮೊದಲು ಯಾವ ಟೆಸ್ಟ್ ಬೇಕು?" ಹೀಗೆ ಕೇಳಿದರೆ ಅವರು ಪೆನ್ನು ಕೆಳಗಿಟ್ಟು ನಿಮ್ಮ ಮುಖ ನೋಡುತ್ತಾರೆ.

ಇಷ್ಟು ಓದಿ, "ನೋಡಿದಿರಾ, ಅದಕ್ಕೇ ನಾನು ಹೇಳಿದ್ದು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ" ಅಂತ ಅನ್ನುವ ಗುಂಪೊಂದು ಕಾದು ಕೂತಿದೆ ಅಂತ ನನಗೆ ಗೊತ್ತು. ಅವರ ಮೇಲೂ ನನ್ನ ಜಗಳವಿದೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು, ಒಂಬತ್ತು ಮಂದಿ ತೀರಿಕೊಂಡರು. ಆ ವಾರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಬಂದ ಮಾತುಗಳನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಸತ್ತವರ ವಯಸ್ಸು ಹಾಕಿ, ಪಕ್ಕದಲ್ಲಿ ಕೈಮುಗಿದ ಚಿತ್ರ ಹಾಕಿ, ಕೆಳಗೆ ಉಪದೇಶ. ತೀರಿಕೊಂಡವರಲ್ಲಿ ಎಪ್ಪತ್ತು ದಾಟಿದವರೂ ಇದ್ದರು, ಮೂವತ್ತರ ಹರೆಯದವರೂ ಇದ್ದರು. ಹಿಮಗಾಳಿ ಆಧಾರ್ ಕಾರ್ಡಿನಲ್ಲಿ ಹುಟ್ಟಿದ ದಿನಾಂಕ ನೋಡುವುದಿಲ್ಲ. ಅನುಭವವಿದ್ದ ಚಾರಣಿಗರನ್ನು ‘ವಯಸ್ಸಾದ ಮೇಲೆ ಹುಚ್ಚು’ ಅಂತ ಸೋಫಾದಿಂದ ಅಳೆಯುವವರಿಗೆ ಆ ಹಕ್ಕು ಕೊಟ್ಟವರು ಯಾರು?

ವಯಸ್ಸಿನ ಗೆರೆ ಎಳೆಯುವವರು ಇದ್ದಾರೆ, ನಿಜ. ಅರ್ಜೆಂಟೀನಾದ ಪೆರಿಟೊ ಮೊರೆನೊ ಹಿಮನದಿಯಲ್ಲಿ ಚಿಕ್ಕ ನಡಿಗೆಗೆ 65 ದಾಟಿದವರನ್ನು, ಉದ್ದದ ನಡಿಗೆಗೆ 50 ದಾಟಿದವರನ್ನು ಬಿಡದ ನಿಯಮ ಮಾಡಿಕೊಂಡಿದ್ದಾರೆ. ನಮ್ಮ ವಿದೇಶಾಂಗ ಸಚಿವಾಲಯ ನಡೆಸುವ ಕೈಲಾಸ ಮಾನಸ ಸರೋವರ ಯಾತ್ರೆಗೆ 70 ಮಿತಿ, ಜೊತೆಗೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಅಂದರೆ ಬಿಎಂಐ, 25ರೊಳಗೆ ಇರಬೇಕು. ದೆಹಲಿಯಲ್ಲಿ ಒಮ್ಮೆ ವೈದ್ಯಕೀಯ ಪರೀಕ್ಷೆ, ಲಿಪುಲೇಖ್ ದಾರಿಯಲ್ಲಿ ಹೋದವರಿಗೆ ಗುಂಜಿಯಲ್ಲಿ ಮತ್ತೊಮ್ಮೆ. ಅಮರನಾಥಕ್ಕೂ ಆರೋಗ್ಯ ಪ್ರಮಾಣಪತ್ರ ಕಡ್ಡಾಯ. ಸಾವಿರಾರು ಜನರನ್ನು ಸಂಭಾಳಿಸುವವರಿಗೆ ಒಂದು ಗೆರೆ ಬೇಕು, ನಮಗೆ ಅರವತ್ತಕ್ಕೆ ನಿವೃತ್ತಿ ಇದ್ದ ಹಾಗೆ. ಅರವತ್ತರ ಮರುದಿನ ಬೆಳಿಗ್ಗೆ ಯಾರಿಗೂ ಕೂಡಿಸಿ ಕಳೆಯುವುದು ಮರೆತು ಹೋಗುವುದಿಲ್ಲ! ಅವರು ಗೆರೆ ಎಳೆದರೆ ಅದನ್ನು ಪಾಲಿಸೋಣ, ಆದರೆ ಆ ಗೆರೆಯನ್ನೇ ನಮ್ಮ ದೇಹದ ಲೆಕ್ಕಪತ್ರ ಅಂದುಕೊಳ್ಳುವುದು ಬೇಡ. ಗೆರೆಯ ಒಳಗಿದ್ದೇನೆ ಅಂತ ಮೂವತ್ತೈದರ ಐಟಿ ಹುಡುಗ ನಿಶ್ಚಿಂತೆಯಿಂದ ಇರುವುದೂ ಅದೇ ತಪ್ಪಿನ ಇನ್ನೊಂದು ಮುಖ.

ಹಿಮಾಲಯದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಐಸ್‌ಲ್ಯಾಂಡಿನ ಲೆಕ್ಕವನ್ನು ಗೋಮುಖಕ್ಕೆ ತಂದು ಹಚ್ಚಬೇಡಿ. ಗಂಗೋತ್ರಿಯೇ 3,000 ಮೀಟರ್ ದಾಟಿದ ಊರು. ಅಲ್ಲಿಂದ 18 ಕಿಲೋಮೀಟರ್ ನಡೆದರೆ ಸಿಗುವ ಗೋಮುಖ ಸುಮಾರು 4,000 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ರಷ್ಟು ಮಾತ್ರ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ, ಅದಕ್ಕೂ ಫಿಟ್‌ನೆಸ್‌ಗೂ ನಂಟು ಕಡಿಮೆ. ಮ್ಯಾರಥಾನ್ ಓಡುವವನಿಗೂ ಬರಬಹುದು. ವೇಗವಾಗಿ ಹತ್ತಬಲ್ಲೆ ಅನ್ನುವ ಕಾರಣಕ್ಕೇ ಅವನು ಬೇಗ ಮೇಲೆ ಹೋಗಿ ಬೇಗ ಮಲಗಿಬಿಡುತ್ತಾನೆ. ಅಲ್ಲಿ ಬೇಕಾದ್ದು ದಿನಗಳು. 3,000 ಮೀಟರ್ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ತಂಗಬೇಕು ಅನ್ನುವುದು ವೈದ್ಯರ ಸಾಮಾನ್ಯ ಸಲಹೆ. ರಜೆ ಎಂಟೇ ದಿನ ಅಂತ ಇದನ್ನು ಒತ್ತಿ ಹಿಂಡಿದರೆ ಯಾವ ಜಿಮ್ಮೂ ಕಾಪಾಡುವುದಿಲ್ಲ. ಸ್ವಿಟ್ಜರ್‌ಲ್ಯಾಂಡಿನ ಯುಂಗ್‌ಫ್ರಾವ್‌ಯೋಖ್‌ಗೆ ರೈಲಿನಲ್ಲಿ ಕೂತು ಹೋಗುವ ನಮ್ಮ ಗ್ರೂಪ್ ಟೂರಿನವರೂ ನೆನಪಿಡಿ, ಅದು 3,454 ಮೀಟರ್. ರೈಲು ನಿಮ್ಮ ಕಾಲನ್ನು ಉಳಿಸುತ್ತದೆ, ತಲೆಯನ್ನಲ್ಲ.

ಹಾಗಾದರೆ ಐಸ್‌ಲ್ಯಾಂಡಿನಂಥ ಕಡೆಗೆ ನಮ್ಮನ್ನು ನಾವು ಅಳೆಯುವುದು ಹೇಗೆ? ಹಣ ಕಟ್ಟುವ ಮೊದಲು, ಕಟ್ಟಿದ ಮೇಲಲ್ಲ. ಕಟ್ಟಿದ ಮೇಲೆ ಮನಸ್ಸು ಸುಳ್ಳು ಸಾಕ್ಷಿ ಹೇಳುತ್ತದೆ. ಒಂದು ಭಾನುವಾರ ಬೆನ್ನಿಗೆ ಐದು ಕಿಲೋ ಹಾಕಿಕೊಳ್ಳಿ, ನೀರಿನ ಬಾಟಲಿಗಳೇ ಸಾಕು. ಹರಡು ಮುಚ್ಚುವ ಬೂಟು ಹಾಕಿಕೊಳ್ಳಿ. ಮುಂಬಯಿಯವರು ಪನ್ವೇಲ್ ಆಚೆಯ ಕರ್ನಾಳಾ ಕೋಟೆಗೆ ಹೋಗಬಹುದು, ಅದು ಕಷ್ಟ ಅನಿಸಿದರೆ ಬೊರಿವಲಿಯ ಕಾನ್ಹೇರಿ ಗುಹೆಗಳ ಬಂಡೆಗಳೇ ಶುರುವಿಗೆ ಸಾಕು. ಪುಣೆಯವರಿಗೆ ಸಿಂಹಗಡ ಮನೆಯಂಗಳ, ಆದರೆ ಜೀಪಿನಲ್ಲಿ ಅಲ್ಲ. ಹೈದರಾಬಾದಿನವರಿಗೆ ಗೋಲ್ಕೊಂಡ, ಚೆನ್ನೈನವರಿಗೆ ತಿರುಕಳುಕುಂದ್ರಂನ ಐನೂರಕ್ಕೂ ಹೆಚ್ಚು ಮೆಟ್ಟಿಲು, ಹತ್ತಿ ಇಳಿದು ಮತ್ತೆ ಹತ್ತಬೇಕು. ದೆಹಲಿಯವರ ಕಷ್ಟ ಬೇರೆ, ಊರೇ ಚಪ್ಪಟೆ, ಮೇಲ್ಸೇತುವೆಯ ಮೆಟ್ಟಿಲುಗಳೇ ಗತಿ.

ಮೂರು ಗಂಟೆ ಏರಿ ಇಳಿಯಿರಿ. ಏರುವಾಗ ಜೊತೆಯವರ ಹತ್ತಿರ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯೇ, ಅಥವಾ ಎರಡೆರಡು ಪದಕ್ಕೆ ಉಸಿರು ತೆಗೆಯುತ್ತಿದ್ದೀರೇ? ಇಳಿಯುವಾಗ ಅಡ್ಡ ತಿರುಗಿ, ಒಂದೊಂದೇ ಕಾಲಿಟ್ಟು ಇಳಿಯಬೇಕಾಯಿತೇ? ಎದೆಯಲ್ಲಿ ಬಿಗಿತ ಬಂದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ, ಅದರಲ್ಲಿ ಚರ್ಚೆಯಿಲ್ಲ. ನಿಜವಾದ ಫಲಿತಾಂಶ ಮರುದಿನ ಬೆಳಿಗ್ಗೆ ಬರುತ್ತದೆ. ಸ್ನಾಯು ನೋವಿದ್ದರೆ ಸಂತೋಷ, ಅದು ಎರಡು ದಿನದಲ್ಲಿ ಹೋಗುತ್ತದೆ. ಮಂಡಿ ಊದಿಕೊಂಡು ಕಮೋಡಿನಿಂದ ಏಳಲು ಗೋಡೆ ಹಿಡಿಯಬೇಕಾದರೆ ಅದು ಬೇರೆ ಸುದ್ದಿ. ನಾಲ್ಕು ಭಾನುವಾರ ಹೀಗೆ ಮಾಡಿ. ಮೊದಲನೆಯದಕ್ಕೂ ನಾಲ್ಕನೆಯದಕ್ಕೂ ಇರುವ ವ್ಯತ್ಯಾಸ ನಿಮಗೆ ಉತ್ತರ ಹೇಳುತ್ತದೆ. ಮೊದಲ ದಿನ ಸೋತು, ನಾಲ್ಕನೆಯ ವಾರಕ್ಕೆ ಸಲೀಸಾಗಿ ಇಳಿದ ಐವತ್ತೆಂಟರ ಗೃಹಿಣಿಯರನ್ನು ನಾನು ನೋಡಿದ್ದೇನೆ. ಹೊಸ್ತಿಲಲ್ಲೇ "ನನ್ನ ಕೈಲಾಗದು" ಅನ್ನುವವರಿಗೆ ಇದನ್ನು ಮುಖ್ಯವಾಗಿ ಹೇಳುತ್ತಿದ್ದೇನೆ.

ಮನೆಯಲ್ಲೇ ಮಾಡಬಹುದಾದ್ದು ಇನ್ನೊಂದಿದೆ. ಒಂಟಿ ಕಾಲಿನಲ್ಲಿ ಏನನ್ನೂ ಹಿಡಿಯದೆ ಹತ್ತು ಸೆಕೆಂಡ್ ನಿಲ್ಲಿ. ನಗಬೇಡಿ, ಬ್ರೆಜಿಲ್‌ನಲ್ಲಿ 51ರಿಂದ 75 ವಯಸ್ಸಿನ 1,702 ಮಂದಿಯನ್ನು ಹೀಗೆ ನಿಲ್ಲಿಸಿ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು, ಐದರಲ್ಲಿ ಒಬ್ಬರಿಗೆ ಆಗಲಿಲ್ಲ. ಕ್ರಾಂಪಾನ್ ಹಾಕಿ ಕಿರಿದಾದ ಬಿರುಕನ್ನು ದಾಟುವಾಗ ಪ್ರತಿ ಸಲವೂ ನೀವು ಕ್ಷಣಕಾಲ ಒಂಟಿ ಕಾಲಿನಲ್ಲೇ ಇರುತ್ತೀರಿ.

"ನನ್ನ ದೇಹ, ನನ್ನ ದುಡ್ಡು, ನನಗೇನಾದರೂ ಆದರೆ ನಾನೇ ಅನುಭವಿಸುತ್ತೇನೆ, ನಿಮಗೇನು?" ಅಂತ ಒಬ್ಬರು ಕೇಳಿದರು. ಇದು ಗಟ್ಟಿ ವಾದದ ಹಾಗೆ ಕೇಳಿಸುತ್ತದೆ, ಆದರೆ ಲೆಕ್ಕ ತಪ್ಪು. ಮಂಜುಗಡ್ಡೆಯ ಮೇಲೆ ಗುಂಪಿಗೆ ಸಾಮಾನ್ಯವಾಗಿ ಒಬ್ಬನೇ ಗೈಡ್. ಒಬ್ಬರಿಗೆ ಮುಂದೆ ಹೋಗಲು ಆಗದಿದ್ದರೆ ಅವರನ್ನು ಅಲ್ಲೇ ಕೂರಿಸಿ ಉಳಿದವರನ್ನು ಕರೆದುಕೊಂಡು ಹೋಗಲು ಅದು ಮದುವೆ ಹಾಲ್ ಅಲ್ಲ. ಎಲ್ಲರೂ ಹಿಂತಿರುಗಬೇಕು. ವರ್ಷಗಟ್ಟಲೆ ದುಡ್ಡು ಕೂಡಿಸಿ ಬಂದ ಇನ್ನೊಂದು ಸಂಸಾರದ ದಿನ ಹಾಳಾಗುತ್ತದೆ. ಕಾಲು ಮುರಿದರೆ ಬರುವವರು ಐಸ್‌ಲ್ಯಾಂಡಿನ ರಕ್ಷಣಾ ದಳದವರು, ಅವರು ಸ್ವಯಂಸೇವಕರು, ಸಂಬಳವಿಲ್ಲ. ತಮ್ಮ ತಮ್ಮ ಉದ್ಯೋಗ ಬಿಟ್ಟು, ಚಳಿಯಲ್ಲಿ ನಿಮ್ಮ ಸ್ಟ್ರೆಚರ್ ಹೊರಲು ಬರುತ್ತಾರೆ. ಫಾರ್ಮಿನಲ್ಲಿ ಮುಚ್ಚಿಟ್ಟ ಒಂದು ‘ಇಲ್ಲ’ದ ಬಿಲ್ಲು ಯಾರ್‍ಯಾರ ಹೆಗಲಿಗೆ ಹೋಗುತ್ತದೆ ನೋಡಿ. ಇನ್ಶೂರೆನ್ಸ್ ಅಂತೂ ಬಿಡಿ, ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅಷ್ಟೇ ಸಾಕು. ಪಾಲಿಸಿಯಲ್ಲಿ ಹಿಮನದಿ ನಡಿಗೆ ಸೇರಿದೆಯೇ ಇಲ್ಲವೇ ಅಂತ ‘ಸಾಹಸ ಕ್ರೀಡೆ’ಯ ಪ್ಯಾರಾ ಓದಿ ನೋಡಿ, ಅದು ಯಾವಾಗಲೂ ಸಣ್ಣಕ್ಷರದಲ್ಲೇ ಇರುತ್ತದೆ.

ಗಟ್ಟಿಮುಟ್ಟಾಗಿದ್ದರೆ ಏನೂ ಆಗುವುದಿಲ್ಲ ಅಂತಲೂ ನಾನು ಹೇಳುತ್ತಿಲ್ಲ. 2024ರ ಆಗಸ್ಟ್ 25ರಂದು ಅದೇ ಐಸ್‌ಲ್ಯಾಂಡಿನ ಬ್ರೇದಾಮರ್ಕುರ್‌ಯೋಕುಲ್ ಹಿಮನದಿಯಲ್ಲಿ ಗೈಡುಗಳ ಜೊತೆ ಹೋಗಿದ್ದ ಗುಂಪಿನ ಮೇಲೆ ಮಂಜುಗಡ್ಡೆ ಕುಸಿದು ಒಬ್ಬ ಪ್ರವಾಸಿ ಸತ್ತರು. ಅಲ್ಲಿ ಯಾರ ತೊಡೆಯ ಬಲವೂ ಲೆಕ್ಕಕ್ಕೆ ಬರಲಿಲ್ಲ. ಬೇಸಿಗೆಯಲ್ಲಿ ಹಿಮಗುಹೆಗೆ ಕರೆದುಕೊಂಡು ಹೋಗುತ್ತೇವೆ ಅನ್ನುವವರನ್ನು ಹತ್ತು ಪ್ರಶ್ನೆ ಕೇಳಿ. ನಮ್ಮ ಕೈಯಲ್ಲಿ ಇಲ್ಲದ ಅಪಾಯ ಅಷ್ಟಿರುವಾಗ, ಕೈಯಲ್ಲಿರುವುದನ್ನಾದರೂ ಸರಿಯಾಗಿ ಎಣಿಸಬೇಡವೇ?

ವಿದೇಶದಲ್ಲಿರುವ ಮಕ್ಕಳೇ, ಇದನ್ನು ಓದುತ್ತಿದ್ದರೆ ಒಂದು ಕೆಲಸ ಮಾಡಿ. ಫಾರ್ಮಿನ ಪ್ರಶ್ನೆಗಳನ್ನು ಒಂದೊಂದಾಗಿ ಫೋನಿನಲ್ಲಿ ಕನ್ನಡದಲ್ಲಿ ಓದಿ ಹೇಳಿ. ಅಪ್ಪನ ಹತ್ತಿರ ಕೇಳಿದ ಮೇಲೆ ಅಮ್ಮನ ಹತ್ತಿರ ಬೇರೆಯಾಗಿ ಕೇಳಿ, ಅಪ್ಪನ ಎದೆಯುರಿ ‘ಗ್ಯಾಸ್’ ಹೌದೋ ಅಲ್ಲವೋ ಅಂತ ಹೇಳುವುದು ಅಮ್ಮನೇ. ಸರ್‌ಪ್ರೈಸ್ ಬೇಡ. ಬಸ್ಸಿನಿಂದ ಇಳಿದ ಮೇಲೆ ಗೈಡಿಗೆ ನೇರವಾಗಿ ವಿಷಯ ತಿಳಿಸಲು ಹೇಳಿ. ಅವನು ಮುಜುಗರ ಪಡುವುದಿಲ್ಲ, ದಾರಿ ಬದಲಿಸುತ್ತಾನೆ, ನಿಮ್ಮನ್ನು ತನ್ನ ಹಿಂದೆಯೇ ಇಟ್ಟುಕೊಳ್ಳುತ್ತಾನೆ, ಇಲ್ಲವೇ ಅಂಚಿನಲ್ಲೇ ಬೇಡ ಅನ್ನುತ್ತಾನೆ.

ಬೇಡ ಅಂದರೂ ಬಂದ ದಾರಿಗೆ ಸುಂಕವೇನಿಲ್ಲ. ಸೋಲ್‌ಹೇಮಯೋಕುಲ್‌ನಲ್ಲಿ ಕ್ರಾಂಪಾನ್ ಇಲ್ಲದೆ, ಗೈಡ್ ಇಲ್ಲದೆ ಕೆರೆಯ ದಡದವರೆಗೆ ನಡೆದು ಹೋಗಬಹುದು. ಎದುರಿಗೆ ಬೂದಿಯ ಗೆರೆಗಳಿರುವ ನೀಲಿ ಮಂಜುಗಡ್ಡೆ, ಮೇಲೆ ಇರುವೆ ಸಾಲಿನಂತೆ ಹೆಲ್ಮೆಟ್ ಹಾಕಿದವರ ಗುಂಪು. ಇನ್ನೂ ಪೂರ್ವಕ್ಕೆ ಹೋದರೆ ಯೋಕುಲ್‌ಸಾರ್ಲೋನ್ ಅನ್ನುವ ಸರೋವರ. ಹಿಮನದಿಯಿಂದ ಕಳಚಿಕೊಂಡ ಮನೆಗಾತ್ರದ ತುಂಡುಗಳು ತೇಲುತ್ತಾ ಸಮುದ್ರದ ಕಡೆ ಹೋಗುವುದನ್ನು ಕಾರಿನಿಂದ ಇಳಿದು ನಿಂತಲ್ಲೇ ನೋಡಬಹುದು, ಬೇಸಿಗೆಯಲ್ಲಿ ದೋಣಿಯೂ ಉಂಟು. ಫ್ಲಾಸ್ಕಿನಲ್ಲಿ ಕಾಫಿ ಮಾತ್ರ ನೀವೇ ತೆಗೆದುಕೊಂಡು ಹೋಗಿ, ಅಲ್ಲಿಯ ಬೆಲೆ ಕೇಳಿದರೆ ಬಿಪಿ ಇಲ್ಲದವರಿಗೂ ಬರುತ್ತದೆ.